ಸದ್ದಿಲ್ಲದ ಪೆಟ್ಟಿಗೆ

"ಗುರುಗಳೇ, ಯಾವಾಗಲೂ ಕೂಗಾಡುವವರನ್ನು ಸಭೆಯಿಂದ ಹೊರಗಿಟ್ಟರೆ ತಪ್ಪೇನು?" ಎಂದು ಶಿಷ್ಯ ಕೇಳಿದ.

ಅವನು ಅಕ್ಕಿ ಗಿರಣಿ ಕೂಲಿಗಳ ಸಂಘಕ್ಕೆ ಹೊಸದಾಗಿ ಕಾರ್ಯದರ್ಶಿಯಾದವನು. ಗಿರಣಿಯ ಬಾಯ್ಲರಿಗೆ ಹೊಟ್ಟು ಹಾಕುವ ಹುಲಿಗೆಮ್ಮ ಎಂಬವಳು ಪ್ರತಿ ಸಭೆಯಲ್ಲೂ ಎದ್ದು ನಿಂತು ಕೂಗುತ್ತಿದ್ದಳು. ಕೂಲಿಯ ಮಾತು ನಡೆಯಲಿ, ರಜೆಯ ಮಾತು ನಡೆಯಲಿ, ನಡುವೆ ಅವಳ ಕೂಗು. ಅವಳು ಎದ್ದಳೆಂದರೆ ಮುಂದೆ ಕೂತವರು ಚಹಾ ತರಿಸುತ್ತಿದ್ದರು, ಹಿಂದೆ ಕೂತವರು ಬೀಡಿ ಸೇದಲು ಹೊರಗೆ ಹೋಗುತ್ತಿದ್ದರು. ಈಗ ಕೆಲವು ಸಭೆಗಳಿಂದ ಅವಳಿಗೆ ಹೇಳಿಕಳಿಸುವುದನ್ನೇ ಬಿಟ್ಟಿದ್ದರು. ಸಭೆಗಳು ತಣ್ಣಗೆ ನಡೆಯುತ್ತಿದ್ದವು. ನಿರ್ಣಯಗಳು ಸಲೀಸಾಗಿ ಪಾಸಾಗುತ್ತಿದ್ದವು.

"ಈಗ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತದೆ," ಎಂದು ಶಿಷ್ಯ ಹೇಳಿ, ಹೊಗಳಿಕೆಗಾಗಿ ಕಾದ.

ಗುರುಗಳು ಹೊಗಳಲಿಲ್ಲ. "ಕೂತುಕೊಳ್ಳಯ್ಯಾ," ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರದಂಗಡಿಯವನಿದ್ದ. ಬೆಳಗಿನಿಂದ ಸಂಜೆಯವರೆಗೆ ಅವನ ತಲೆಯ ಸುತ್ತ ಗಡಿಯಾರಗಳು ಟಿಕ್‌ಟಿಕ್ ಎನ್ನುತ್ತಿದ್ದವು. ಗಂಟೆಯಾದರೆ ಇಡೀ ಗೋಡೆಯೇ ಢಣಢಣ ಬಡಿದುಕೊಳ್ಳುತ್ತಿತ್ತು. ಅದನ್ನು ಕೇಳಿ ಕೇಳಿ ಅವನಿಗೆ ಸದ್ದು ಎಂದರೆ ಮೈ ಉರಿಯುತ್ತಿತ್ತು. ಮನೆಯಲ್ಲಿ ಕುಕ್ಕರ್ ಕೂಗಿದರೆ ಹುಬ್ಬು ಗಂಟು ಹಾಕುತ್ತಿದ್ದ. ನಲ್ಲಿ ತೊಟ್ಟಿಕ್ಕಿದರೆ ಊಟ ಬಿಟ್ಟು ಎದ್ದು ಹೋಗಿ ತಿರುಗಿಸಿ ಬರುತ್ತಿದ್ದ. ಊರಿಗೆಲ್ಲ ಗಡಿಯಾರ ಮಾರುವವನ ಮನೆಯ ಗೋಡೆಯ ಮೇಲೆ ಒಂದು ಗಡಿಯಾರವೂ ಇರಲಿಲ್ಲ.

ಸದ್ದುಗಳಲ್ಲಿ ಅವನಿಗೆ ಬೇಕಾದದ್ದು ಒಂದೇ. ಅದು ಅವನ ಹೆಂಡತಿಯ ದನಿ.

ಹೆಂಡತಿ ಬೀಡಿ ಕಟ್ಟುವವಳು. ಓದು ಬರಹ ಬಾರದವಳು. ಆದರೆ ಹಾಡು ಅವಳಿಗೆ ಉಸಿರಾಡಿದಷ್ಟು ಸಲೀಸು. ಮಾಲೀಕ ಕೂಲಿ ಕಡಿತ ಮಾಡಿದಾಗ, ಒಳ್ಳೆಯ ಬೀಡಿಗಳನ್ನೂ ಕಳಪೆ ಎಂದು ಹೇಳಿ ಕಿತ್ತುಕೊಂಡಾಗ, ಹೆಂಗಸರೆಲ್ಲ ಅವನ ಗೇಟಿನ ಮುಂದೆ ಕೂರುತ್ತಿದ್ದರು. ಅವಳು ಎದ್ದು ಹಾಡು ಎತ್ತಿಕೊಳ್ಳುತ್ತಿದ್ದಳು. ನಿಂತಲ್ಲೇ ಕಟ್ಟುತ್ತಿದ್ದಳು, ನಿಂತಲ್ಲೇ ಹಾಡುತ್ತಿದ್ದಳು. ಕಾಯಲು ಬಂದ ಪೊಲೀಸಿನವರು ಲಾಠಿ ಊರಿಕೊಂಡು ಕೇಳುತ್ತಿದ್ದರು. ಗಡಿಯಾರದಂಗಡಿಯವನು ಆ ಹಾಡಿಗೆ ಸೋತು ಅವಳನ್ನು ಮದುವೆಯಾಗಿದ್ದ. ಅವಳು ಎಲ್ಲಿ ಹಾಡಿದರೂ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದ. ಮುಂದೆ ವಿಡಿಯೋ ಬಂತು, ಅದರಲ್ಲೂ ಹಿಡಿದ. ಮನೆಯ ಅಟ್ಟದ ತುಂಬ ಅವಳ ದನಿ ತುಂಬಿತ್ತು.

ತಂಬಾಕಿನ ಧೂಳು ಕುಡಿದ ಗಂಟಲು ಎಷ್ಟು ದಿನ ಹಾಡೀತು? ಅವಳಿಗೆ ಗಂಟಲಲ್ಲಿ ಗಡ್ಡೆ ಬಂತು. ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಮಾಲೀಕನ ಗಂಟಲಿಗೆ ಏನೂ ಆಗಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅವಳಿಗೆ ಉಳಿದ ಭಾಷೆ ಎಂದರೆ ಒಂದು ಸ್ಟೀಲ್ ಲೋಟ, ಒಂದು ಚಮಚ. ಬಾ ಎನ್ನಲು ಎರಡು ಸಲ ಬಡಿಯುವಳು. ಬೇಡ ಎನ್ನಲು ಒಂದು ಸಲ. ಸಿಟ್ಟು ಬಂದರೆ ಲೆಕ್ಕವಿಲ್ಲ. ಗಂಡ ಹಲ್ಲು ಕಚ್ಚಿ ಸಹಿಸಿಕೊಂಡ. ಅವಳ ಹಾಡನ್ನು ಪ್ರೀತಿಸಿದಷ್ಟು ಸುಲಭವಾಗಿ ಆ ಲೋಟವನ್ನು ಪ್ರೀತಿಸಲು ಅವನಿಂದ ಆಗಲಿಲ್ಲ.

ಆಗ ಅವನಿಗೆ ಒಂದು ಯೋಚನೆ ಬಂತು. ಅಟ್ಟದ ಮೇಲಿನ ದನಿಯನ್ನೆಲ್ಲ ಒಂದು ಕಡೆ ಕೂಡಿಡಬೇಕು. ಮನೆಯಲ್ಲೇ ಒಂದು ಚಿಕ್ಕ ಸರ್ವರ್ ಕಟ್ಟಬೇಕು.

ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನು ಗಡಿಯಾರದ ರಟ್ಟಿನ ಡಬ್ಬಗಳ ಬೆನ್ನಿಗೆ ನಕ್ಷೆ ಬರೆದ. ಒಂದು ಪೆಟ್ಟಿಗೆ. ಹಗಲೂ ರಾತ್ರಿ ನಡೆಯುತ್ತಿರಬೇಕು. ಟಿವಿಯ ಮುಂದೆ ಕೂತು ಗುಂಡಿ ಒತ್ತಿದರೆ ಬೇಕಾದ ಹಾಡು ಬರಬೇಕು. ಒಂದು ಬಲ್ಬು ಎಳೆಯುವಷ್ಟೂ ಕರೆಂಟ್ ಎಳೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅಂಥದ್ದೊಂದು ಮನೆಯಲ್ಲಿದೆ ಎಂದು ಕಿವಿಗೆ ಗೊತ್ತಾಗಬಾರದು.

ವೇಗದ ಹಾರ್ಡ್ ಡಿಸ್ಕ್ ಗುಂಯ್‌ಗುಡುತ್ತದೆ ಎಂದು ನಿಧಾನ ತಿರುಗುವುದನ್ನು ಆರಿಸಿದ. ತಲೆಯ ಮೇಲೆ ಫ್ಯಾನ್ ಬೇಡದ ತಣ್ಣನೆಯ ಪ್ರೊಸೆಸರ್ ಆರಿಸಿದ. ಡಿಸ್ಕಿನ ನಡುಕ ಪೆಟ್ಟಿಗೆಗೆ ತಾಗದಂತೆ ರಬ್ಬರ್ ಬಿಲ್ಲೆ ಇಟ್ಟ. ಕೇಳುವವರಿಲ್ಲದ ಹೊತ್ತಿನಲ್ಲಿ ಡಿಸ್ಕ್ ತಾನಾಗಿ ನಿದ್ದೆ ಹೋಗುವ ಹಾಗೆ ಯೋಜನೆ ಹಾಕಿದ. ಇದರಲ್ಲಿ ಯಾವುದೂ ತಪ್ಪಲ್ಲ. ಅವನು ದಡ್ಡನಲ್ಲ. ದಡ್ಡನಾಗಿದ್ದರೆ ನಾನು ಈ ಕತೆ ಹೇಳಬೇಕಾಗಿರಲಿಲ್ಲ.

ಕಂಪ್ಯೂಟರ್ ಅಂಗಡಿಯವನು ನಕ್ಷೆ ನೋಡಿ ತಲೆದೂಗಿದ. ಒಂದು ಡಿಸ್ಕ್ ಸಾಲದು, ಎರಡು ಹಾಕೋಣ ಎಂದ. ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ತಾನಾಗಿ ಅಚ್ಚಾಗುತ್ತದೆ. ಒಂದು ಸತ್ತರೆ ಇನ್ನೊಂದು ನಡೆಸುತ್ತದೆ.

"ಒಂದು ಸತ್ತಿದ್ದು ನನಗೆ ಹೇಗೆ ಗೊತ್ತಾಗಬೇಕು?" ಎಂದು ಗಡಿಯಾರದಂಗಡಿಯವನು ಕೇಳಿದ.

"ಪೆಟ್ಟಿಗೆಯೇ ಕೂಗುತ್ತೆ ಸಾರ್. ಬೀಪ್ ಬೀಪ್ ಅಂತ. ಮುಂದೆ ಕೆಂಪು ದೀಪ ಮಿಟುಕುತ್ತೆ. ಒಳಗೆ ಬಿಸಿ ಏರಿದರೂ ಕೂಗುತ್ತೆ, ಕರೆಂಟ್ ಹೋಗಿ ಬಂದರೂ ಕೂಗುತ್ತೆ. ಕೂಗಿದ ಕೂಡಲೇ ಏನಾಯ್ತು ಅಂತ ನೋಡಿ. ಆಮೇಲೆ ಇನ್ನೊಂದು ಮಾತು. ಅಟ್ಟದ ಕ್ಯಾಸೆಟ್ ಎಸೀಬೇಡಿ. ಇದರದ್ದೊಂದು ನಕಲು ಬೇರೆ ಯಾರ ಮನೇಲಾದರೂ ಇಡಿ."

"ಎರಡು ಇದೆಯಲ್ಲಪ್ಪಾ. ಮೂರನೆಯದು ಯಾಕೆ?"

"ಎರಡೂ ಒಂದೇ ಪೆಟ್ಟಿಗೇಲಿವೆ ಸಾರ್," ಎಂದ ಅಂಗಡಿಯವನು. ಗಡಿಯಾರದಂಗಡಿಯವನು ನಕ್ಕ. ಯಂತ್ರಗಳ ನಡುವೆ ತಲೆ ನರೆತವನಿಗೆ ಪಾಠ ಹೇಳುತ್ತಾನೆ ಎಂದುಕೊಂಡ.

ಪೆಟ್ಟಿಗೆ ಮನೆಗೆ ಬಂತು. ಅವನು ಒಂದೊಂದೇ ಕ್ಯಾಸೆಟ್ ಹಾಕಿ ಹಾಡುಗಳನ್ನು ತುಂಬಿಸಿದ. ತುಂಬಿಸುವಾಗ ಅವಳ ದನಿಯ ಹಿಂದಿನ ಗದ್ದಲ ಅವನಿಗೆ ಕಿರಿಕಿರಿ ಮಾಡಿತು. ಹೆಂಗಸರ ಕೆಮ್ಮು, ಮಕ್ಕಳ ಅಳು, ನಡುನಡುವೆ ಘೋಷಣೆ, ಲಾರಿಯ ಹಾರ್ನ್. ಕಂಪ್ಯೂಟರಿನ ಮುಂದೆ ಕೂತು ಅವನ್ನೆಲ್ಲ ಅಳಿಸಿದ. ಅವಳ ದನಿಯೊಂದೇ ಉಳಿಯಿತು, ತೊಳೆದಿಟ್ಟ ತಟ್ಟೆಯ ಹಾಗೆ. ಕೆಲಸ ಮುಗಿದ ದಿನವೇ ಕ್ಯಾಸೆಟ್ಟುಗಳನ್ನು ಗುಜರಿಯವನ ಗಾಡಿಗೆ ಹಾಕಿದ. ಗೊರಗೊರ ಎನ್ನುವ ಹಳೆಯ ಟೇಪ್ ರೆಕಾರ್ಡರೂ ಹೋಯಿತು.

ಹೆಂಡತಿಯನ್ನು ಕೂರಿಸಿ ಮೊದಲ ಹಾಡು ಕೇಳಿಸಿದ. ಅವಳು ಕೇಳಿದಳು. ಸ್ವಲ್ಪ ಹೊತ್ತಿಗೆ ಆ ಕಡೆ ಈ ಕಡೆ ತಿರುಗಿ ನೋಡತೊಡಗಿದಳು.

"ಏನೇ? ಏನು ಹುಡುಕ್ತಿದ್ದೀಯಾ?"

ಅವಳು ಹಾಡುವ ಟಿವಿಯನ್ನು ತೋರಿಸಿದಳು. ಆಮೇಲೆ ಬರಿಯ ನೆಲದ ಮೇಲೆ ಕೈಯಾಡಿಸಿ, ಸಾಲಾಗಿ ಕೂತವರನ್ನು ತೋರಿಸುವ ಹಾಗೆ ಬೆರಳು ಓಡಿಸಿದಳು. ಅವರೆಲ್ಲಿ ಎಂದು ಕೇಳುತ್ತಿದ್ದಳು. ಅವನಿಗೆ ತಿಳಿಯಲಿಲ್ಲ. ನೆಲ ಗುಡಿಸಿಲ್ಲ ಎನ್ನುತ್ತಿದ್ದಾಳೆ ಎಂದುಕೊಂಡ.

ಆದರೂ ಅವಳು ಕೇಳುವುದನ್ನು ಬಿಡಲಿಲ್ಲ. ಗಂಡ ಅಂಗಡಿಗೆ ಹೋದ ಮೇಲೆ ಟಿವಿಯ ಮುಂದೆ ಕೂತು ತನ್ನ ದನಿಯನ್ನು ಕೇಳುತ್ತಿದ್ದಳು. ಹಾಡಿನ ನಡುವೆ ಅವಳು ಯಾರನ್ನೋ ಗದರುವುದಿತ್ತು, ಯಾರಿಗೋ ತಮಾಷೆ ಮಾಡುವುದಿತ್ತು. ಅದು ಬಂದಾಗ ಅವಳ ಭುಜ ನಗುವಿನಿಂದ ಕುಲುಕುತ್ತಿತ್ತು. ಸದ್ದು ಮಾತ್ರ ಇರಲಿಲ್ಲ. ಪ್ರಪಂಚದಲ್ಲಿ ಅವಳದು ಎನ್ನುವುದು ಆ ಪೆಟ್ಟಿಗೆಯಲ್ಲಿತ್ತು. ಅದನ್ನು ಅವನೂ ಬಲ್ಲ, ಅವಳೂ ಬಲ್ಲಳು.

ಬೀಡಿ ಹೆಂಗಸರಿಗೆ ಸುದ್ದಿ ತಿಳಿಯಿತು. ಬಾಗಿಲಿಗೆ ಬಂದರು.

"ಅಣ್ಣಾ, ಅಕ್ಕನ ಹಾಡು ನಮ್ಮ ಮೊಬೈಲಿಗೂ ಒಂದೊಂದು ಹಾಕಿಕೊಡಿ."

"ಆ ತಗಡು ಮೊಬೈಲಿನಲ್ಲಿ ಕಿರ್ ಅನ್ನಿಸ್ತೀರಿ. ಬಸ್ಸಿನಲ್ಲಿ ಜೋರಾಗಿ ಹಾಕಿಕೊಂಡು ಓಡಾಡ್ತೀರಿ. ಕೇಳಬೇಕು ಅನ್ನಿಸಿದರೆ ಮನೆಗೇ ಬನ್ನಿ," ಎಂದ.

"ಬಸ್ಸಿನಲ್ಲಿ ಹಾಡೋಕೆ ತಾನೇ ಅಕ್ಕ ಅದನ್ನ ಕಟ್ಟಿದ್ದು," ಎಂದು ಒಬ್ಬ ಮುದುಕಿ ಗೊಣಗಿದಳು. ಅವನು ಬಾಗಿಲು ಹಾಕಿಕೊಂಡ.

ಈಗ ಮನೆ ನಿಶ್ಶಬ್ದವಾಗಿರಬೇಕಿತ್ತು. ಆದರೆ ಪೆಟ್ಟಿಗೆಯ ಹಿಂದೆ ಒಂದು ಚಿಕ್ಕ ಫ್ಯಾನ್ ಇತ್ತು. ನಿಧಾನವಾಗಿ ತಿರುಗುತ್ತಿತ್ತು. ಬೇರೆ ಯಾರಿಗೂ ಕೇಳದ ಆ ಉಸಿರು ಅವನ ಕಿವಿಗೆ ಕೇಳಿತು. ಪೆಟ್ಟಿಗೆಯನ್ನು ಎತ್ತಿ ತೇಗದ ಬೀರುವಿನೊಳಗೆ ಇಟ್ಟ. ಬೀರುವಿನ ಒಳಗೋಡೆಗೆ ಹಳೆಯ ಕೌದಿ ಹೊದೆಸಿದ. ತಂತಿ ಸರಿಪಡಿಸಲು ಬಂದ ಕಂಪ್ಯೂಟರ್ ಅಂಗಡಿಯವನು ನೋಡಿ ಹೌಹಾರಿದ.

"ಸಾರ್, ಇದು ಉಪ್ಪಿನಕಾಯಿ ಜಾಡಿ ಅಲ್ಲ, ಬಾಯಿ ಕಟ್ಟಿ ಇಡೋಕೆ. ಗಾಳಿ ಆಡಬೇಕು."

"ಆಡುತ್ತೆ ಬಿಡಪ್ಪಾ," ಎಂದ ಇವನು.

ಬಿಸಿಲು ಏರಿತು. ಒಂದು ಭಾನುವಾರ ಮಧ್ಯಾಹ್ನ ಅವನು ಊಟಕ್ಕೆ ಕೂತಿದ್ದಾಗ ಬೀರುವಿನೊಳಗಿಂದ ಬೀಪ್ ಬೀಪ್ ಎಂಬ ಕೂಗು ಎದ್ದಿತು. ಕೈ ತೊಳೆಯದೆ ಓಡಿದ. ಬೀರು ತೆರೆದ. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಸ್ವಲ್ಪ ಹೊತ್ತಿಗೆ ಕೂಗು ನಿಂತಿತು. ಹಾಡು ಹಾಕಿ ನೋಡಿದ, ಹಾಡುತ್ತಿತ್ತು. ಬೀರು ಮುಚ್ಚಿದ. ಮಾರನೆಯ ದಿನ ಮತ್ತೆ ಕೂಗಿತು. ಮತ್ತೆ ತೆರೆದ, ಮತ್ತೆ ನಿಂತಿತು, ಮತ್ತೆ ಮುಚ್ಚಿದ. ಕರೆಂಟ್ ಹೋಗಿ ಬಂದಾಗಲೂ ಕೂಗಿತು. ಪ್ರತಿ ಸಲವೂ ಹಾಡು ಹಾಕಿ ನೋಡುವನು, ಪ್ರತಿ ಸಲವೂ ಅದು ಹಾಡುವುದು.

ಕೊನೆಗೆ ಅವನಿಗೆ ಸಿಟ್ಟು ಬಂತು. ಏನೂ ಆಗಿಲ್ಲ, ಸುಮ್ಮನೆ ಕೂಗುತ್ತದೆ ಎಂದ. ಅಂಗಡಿಯಿಂದ ಸಣ್ಣ ಸ್ಕ್ರೂಡ್ರೈವರ್, ಇಕ್ಕಳ ತಂದ. ಪೆಟ್ಟಿಗೆಯ ಒಳಗೆ ಕಡಲೆಬೀಜದಷ್ಟು ದೊಡ್ಡದಾದ ಒಂದು ಕರಿಯ ಬಿರಡೆ ಇತ್ತು. ಕೂಗುತ್ತಿದ್ದದ್ದು ಅದೇ. ಗಡಿಯಾರದ ಮುಳ್ಳು ಕೀಳುವ ನಾಜೂಕಿನಲ್ಲಿ ಅದನ್ನು ಕಿತ್ತ. ಆಮೇಲೂ ಕೆಂಪು ದೀಪ ಬೀರುವಿನ ಸಂದಿಯಿಂದ ಆಗಾಗ ಮಿಟುಕಿ ಕಣ್ಣು ಚುಚ್ಚುತ್ತಿತ್ತು. ಅದಕ್ಕೆ ಕರಿಯ ಟೇಪಿನ ತುಂಡು ಅಂಟಿಸಿದ.

ಈಗ ಪೆಟ್ಟಿಗೆ ಅವನು ರಟ್ಟಿನ ಮೇಲೆ ಬರೆದ ಹಾಗೆಯೇ ಆಯಿತು.

ಆ ಬೇಸಿಗೆಯಲ್ಲೇ ಒಂದು ಡಿಸ್ಕ್ ಬೆಂದು ಸತ್ತಿತು. ಪೆಟ್ಟಿಗೆಗೆ ಕೂಗಲು ಬಾಯಿ ಇರಲಿಲ್ಲ. ಉಳಿದ ಒಂದೇ ಡಿಸ್ಕ್ ಎರಡರ ಕೆಲಸ ಮಾಡುತ್ತ, ಅದೇ ಸೆಕೆಯಲ್ಲಿ ಬೇಯುತ್ತ ಹಾಡುತ್ತಿತ್ತು. ಕೂಲಿಯವರ ಕತೆಯೂ ಇದೇ ಅಲ್ಲವೇನಯ್ಯಾ? ಒಬ್ಬ ಬಿದ್ದರೆ ಇನ್ನೊಬ್ಬನ ಹೆಗಲಿಗೆ. ಕೆಲಸ ನಿಲ್ಲದಿದ್ದರೆ ಬಿದ್ದವನ ಸುದ್ದಿ ಯಾರಿಗೂ ಬೇಡ.

ಹಾಡುವವಳ ಕಿವಿ ಸೂಕ್ಷ್ಮ. ಒಂದು ದಿನ ಅವಳು ಬೀರುವಿನ ಹತ್ತಿರ ಕಸ ಗುಡಿಸುತ್ತಿದ್ದಾಗ ಕೌದಿಯ ಆಚೆಯಿಂದ ಟಕ್ ಎಂದಿತು. ನಿಂತು ಕೇಳಿದಳು. ತುಸು ಬಿಟ್ಟು ಇನ್ನೊಂದು ಟಕ್. ಬಾಗಿಲಿಗೆ ಅಂಗೈ ಇಟ್ಟಳು. ಇಸ್ತ್ರಿಪೆಟ್ಟಿಗೆ ಮುಟ್ಟಿದ ಹಾಗಾಯಿತು. ಗಂಡ ಮನೆಗೆ ಬರುವುದನ್ನೇ ಕಾದಳು. ಅವನು ಚಪ್ಪಲಿ ಬಿಡುವ ಮೊದಲೇ ಲೋಟ ಬಡಿಯತೊಡಗಿದಳು.

"ಬಂದೆ ಮಾರಾಯ್ತಿ! ಬಂದೆ!"

ಅವನ ತೋಳು ಹಿಡಿದು ಬೀರುವಿನ ಮುಂದೆ ನಿಲ್ಲಿಸಿದಳು. ಒಳಗೆ ಕೇಳಿದ ಲಯದಲ್ಲೇ ಲೋಟ ಬಡಿದಳು. ಟಕ್. ಬಿಟ್ಟು ಬಿಟ್ಟು, ಟಕ್. ಬೀರು ತೋರಿಸಿದಳು, ಎದೆ ತೋರಿಸಿಕೊಂಡಳು, ಗಂಟಲು ತೋರಿಸಿಕೊಂಡಳು.

ಅವನಿಗೆ ಅಂದು ಅಂಗಡಿಯಲ್ಲಿ ತಲೆ ಸಿಡಿದುಹೋಗಿತ್ತು. ಬೀರು ತೆರೆದ. ಕೆಂಪು ದೀಪ ಟೇಪಿನ ಅಡಿಯಲ್ಲಿತ್ತು. ಟಿವಿ ಹಾಕಿ ಗುಂಡಿ ಒತ್ತಿದ. ಅವಳ ದನಿ ಬಂತು.

"ಹಾಡ್ತಾ ಇದೆಯೋ ಇಲ್ವೋ? ಹೇಳು. ಹಾಡ್ತಾ ಇದೆಯೋ ಇಲ್ವೋ?"

ಟಿವಿಯಲ್ಲಿ ಅವಳು ಹಾಡುತ್ತಿದ್ದಳು. ಬೀರುವಿನ ಮುಂದೆ ಅವಳು ಲೋಟ ಬಡಿಯುತ್ತಿದ್ದಳು. ಅವನಿಗೆ ಅವೆರಡರಲ್ಲಿ ಒಂದು ಸಾಕಾಗಿತ್ತು.

ಮಾರನೆಯ ಸಂಜೆ ಅಂಗಡಿಯಿಂದ ಬರುವಾಗ ಒಂದು ಪ್ಲಾಸ್ಟಿಕ್ ಲೋಟ ತಂದ. ಒಳ್ಳೆಯದನ್ನೇ ತಂದ, ಹೂವಿನ ಚಿತ್ರವಿದ್ದದ್ದು. ಸ್ಟೀಲ್ ಲೋಟವನ್ನು ಮೇಲಿನ ಕಪಾಟಿನಲ್ಲಿ, ಅವಳ ಕೈಗೆ ಎಟುಕದ ಕಡೆ ಇಟ್ಟ. ಅವಳು ಪ್ಲಾಸ್ಟಿಕ್ ಲೋಟವನ್ನು ಒಮ್ಮೆ ಬಡಿದಳು. ಸದ್ದು ಬರಲಿಲ್ಲ. ಗಂಡನ ಮುಖ ನೋಡಿದಳು. ಅವನು ಪೇಪರ್ ಓದುತ್ತಿದ್ದ.

ಮಳೆಗಾಲ ಬಂತು, ಹೋಯಿತು. ಬೀಡಿ ಹೆಂಗಸರು ತಮ್ಮ ಸಂಘಕ್ಕೆ ತಗಡಿನದೊಂದು ಕೋಣೆ ಕಟ್ಟಿದ್ದರು. ಒಳಗೆ ಕಾಲಿಡುವ ಮೊದಲು ಅಕ್ಕನ ಹಾಡು ಕೇಳಬೇಕು ಎಂದು ಗಡಿಯಾರದಂಗಡಿಯವನ ಮನೆಗೆ ಬಂದರು. ಹೊಸಿಲ ಹೊರಗೆ ಚಪ್ಪಲಿಗಳ ರಾಶಿ ಬಿತ್ತು. ಒಳಗೆ ಕಾಲಿಡಲು ಜಾಗವಿಲ್ಲದ ಹಾಗೆ ಕೂತರು. ಹಳಬರು ಹೊಸ ಹುಡುಗಿಯರಿಗೆ ಹೇಳುತ್ತಿದ್ದರು, ಕೇಳು, ಆಮೇಲೆ ಹೇಳು ಅಂಥ ದನಿ ಇದೆಯಾ ಅಂತ. ಹೆಂಡತಿ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಹಾಡಿನ ಹಿಂದೆ ಇರಬೇಕಾದ ಜನ ಕೊನೆಗೂ ಬಂದಿದ್ದರು.

"ಏನಣ್ಣಾ, ನಮ್ಮ ಅಕ್ಕನ್ನ ಬೀರುವಿನಲ್ಲಿ ಕೂಡಿಹಾಕಿದೀಯಲ್ಲ, ಇವತ್ತಾದರೂ ಹೊರಗೆ ಬಿಡಪ್ಪಾ," ಎಂದಳು ಆ ಮುದುಕಿ. ಎಲ್ಲರೂ ನಕ್ಕರು. ಗಡಿಯಾರದಂಗಡಿಯವನೂ ನಗುತ್ತಲೇ ಗುಂಡಿ ಒತ್ತಿದ.

ಟಿವಿ ಕಪ್ಪಗಿತ್ತು. ಮತ್ತೆ ಒತ್ತಿದ. ಬೇರೆ ಹಾಡು ಒತ್ತಿದ. ಯಾವ ಹಾಡೂ ಇರಲಿಲ್ಲ. ಓಡಿ ಬೀರು ತೆರೆದ. ಹಿಂದಿನ ಸಂಜೆಯವರೆಗೂ ಹಾಡುತ್ತಿದ್ದ ಪೆಟ್ಟಿಗೆ ಈಗ ಬೆಚ್ಚಗೂ ಇರಲಿಲ್ಲ.

ಆಮೇಲೆ ಆ ಮುದುಕಿ ತಾನೇ ಹಾಡು ಎತ್ತಿಕೊಂಡಳು. ನಾಲ್ಕು ಜನ ಸೇರಿದರು. ಒಬ್ಬಳು ಒಂದು ಸಾಲು ಹೇಳಿದರೆ ಇನ್ನೊಬ್ಬಳು ಅದಲ್ಲ ಎಂದಳು. ಪ್ರತಿ ಸಲವೂ ಹೊಸದಾಗಿ ಕಟ್ಟಿ ಹಾಡುತ್ತಿದ್ದ ಹಾಡು ಅದು. ಯಾರ ಬಳಿಯೂ ಪೂರ್ತಿ ಇರಲಿಲ್ಲ. ಹೆಂಡತಿಯ ತುಟಿ ಆಡುತ್ತಿತ್ತು. ಸಾಲುಗಳು ಅವಳಿಗೆ ನೆನಪಿದ್ದವು. ಎಲ್ಲರೂ ಅವಳ ತುಟಿಯನ್ನೇ ನೋಡುತ್ತ ನೋಡುತ್ತ ಹಾಡು ನಿಲ್ಲಿಸಿದರು. ಒಬ್ಬೊಬ್ಬರೇ ಎದ್ದು ಚಪ್ಪಲಿ ಹುಡುಕಿಕೊಂಡು ಹೋದರು.

ಅವನು ಪೆಟ್ಟಿಗೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಕಂಪ್ಯೂಟರ್ ಅಂಗಡಿಗೆ ಓಡಿದ. ಅಂಗಡಿಯವನು ಬಿಚ್ಚಿ ನೋಡಿದ. ಡಿಸ್ಕುಗಳನ್ನು ಒಂದಾದ ಮೇಲೊಂದು ಕಿವಿಯ ಹತ್ತಿರ ಹಿಡಿದು ಕೇಳಿದ. ಬೇರೆ ಊರಿಗೆ, ಇದೇ ಕೆಲಸ ಮಾಡುವವರಿಗೂ ಕಳಿಸಿ ನೋಡಿದ. ಡಿಸ್ಕಿನೊಳಗಿನ ಸುಟ್ಟ ತಟ್ಟೆಗಳಿಂದ ಏನನ್ನೂ ತೆಗೆಯಲಾಗದು ಎಂದು ಅಲ್ಲಿಂದ ಉತ್ತರ ಬಂತು.

"ಒಂದು ಬೇಸಿಗೇಲೇ ಹೋಗಿದೆ ಸಾರ್," ಎಂದ ಅಂಗಡಿಯವನು. "ಆಗಲೇ ಬದಲಾಯಿಸಿದ್ದರೆ ಎಲ್ಲ ಉಳೀತಿತ್ತು. ಯಾಕೆ, ಅದು ಕೂಗಲಿಲ್ವಾ?"

ಅಂಗಡಿಯವನು ಪೆಟ್ಟಿಗೆಯ ಮುಖವನ್ನು ಬೆರಳಿನಿಂದ ಸವರಿದ. ಕರಿಯ ಟೇಪಿನ ತುಂಡು ಅವನ ಉಗುರಿಗೆ ಸಿಕ್ಕಿತು. ಅದನ್ನು ಕಿತ್ತು ಮೇಜಿನ ಅಂಚಿಗೆ ಅಂಟಿಸಿದ.

ಮನೆಗೆ ಬಂದು ಗಡಿಯಾರದಂಗಡಿಯವನು ಸ್ಟೂಲ್ ಹಾಕಿಕೊಂಡು ಮೇಲಿನ ಕಪಾಟಿನಿಂದ ಸ್ಟೀಲ್ ಲೋಟ ಇಳಿಸಿದ. ಧೂಳು ಒರೆಸಿದ. ಚಮಚದ ಜೊತೆ ಹೆಂಡತಿಯ ಕೈಗೆ ಕೊಟ್ಟು ಎದುರಿಗೆ ಕೂತ.

"ಬಡಿಯೇ," ಎಂದ. "ಎಷ್ಟು ಬೇಕಾದರೂ ಬಡಿ."

ಅವಳು ಲೋಟವನ್ನು ಪಕ್ಕಕ್ಕೆ ಇಟ್ಟಳು. ಅಂದಿನಿಂದ ಸಾಯುವವರೆಗೆ ಅವಳು ಅದನ್ನು ನೀರು ಕುಡಿಯಲು ಮಾತ್ರ ಮುಟ್ಟಿದಳು. ಬಾ ಎನ್ನಲಿಲ್ಲ. ಬೇಡ ಎನ್ನಲಿಲ್ಲ. ನೋವಾದಾಗಲೂ ಕರೆಯಲಿಲ್ಲ. ಪೆಟ್ಟಿಗೆ ಹೋದ ಮೇಲೆ ಬೀರುವಿನಲ್ಲಿ ಕೌದಿ ಹಾಗೆಯೇ ಉಳಿಯಿತು. ಅವನು ಮನೆಯ ಗೋಡೆಗೆ ಒಂದು ಗಡಿಯಾರ ತಂದು ಹಾಕಿದ, ಗಂಟೆ ಬಡಿಯುವಂಥದ್ದನ್ನು. ಅದರ ಸದ್ದು ಎಷ್ಟು ಜೋರಾಗಿದ್ದರೂ ಮನೆ ನಿಶ್ಶಬ್ದವಾಗಿಯೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಕೆಂಪಾಗಿತ್ತು. "ಎಂಥ ಕಟುಕ ಗುರುಗಳೇ ಅವನು! ಅಷ್ಟು ಸಲ ಕೂಗಿತಲ್ಲ. ಇದು ಏನು ಹೇಳುತ್ತಿದೆ ಎಂದು ಒಂದು ಸಲವಾದರೂ ಕೇಳಿಸಿಕೊಳ್ಳಬೇಡವೇ?"

ಗುರುಗಳು ಅವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು: "ಹುಲಿಗೆಮ್ಮ ಏನು ಹೇಳುತ್ತಿದ್ದಳಯ್ಯಾ?"